ಸೌರಫಲಕ: ಮೇನ್ ಸ್ವಿಚ್ ಆರಿಸಿದರೆ ಸಾಲದು

2024ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸೂರ್ಯ ಘರ್ ಯೋಜನೆಯು ಮನೆಯ ಸೌರ ಘಟಕಕ್ಕೆ ಗರಿಷ್ಠ 78,000 ರೂಪಾಯಿ ಸಹಾಯಧನ ನಿಗದಿಪಡಿಸಿತು. ಇಟಗಿ, ಗಜೇಂದ್ರಗಡಗಳಲ್ಲಿ ಮಾಳಿಗೆಯ ಮೇಲೆ ಫಲಕ ಹಾಕಿಸುವ ವರ್ತಕರು ದರದಷ್ಟೇ ಸ್ವಿಚ್ಚಿನ ಬಗೆಯನ್ನೂ ವಿಚಾರಿಸುವುದು ಲೇಸು. ಹೆಸ್ಕಾಂ ಪೂರೈಕೆ ನಿಂತೊಡನೆ ಗ್ರಿಡ್‌ಗೆ ಜೋಡಿಸಿದ ಇನ್ವರ್ಟರ್ ತಾನೇ ಸ್ಥಗಿತಗೊಳ್ಳುತ್ತದೆ; ಕಂಬವೇರಿದ ಲೈನ್‌ಮನ್‌ನ ಜೀವರಕ್ಷಣೆಗಾಗಿಯೇ ಈ ಏರ್ಪಾಡು. ಆದರೆ ಬಿಸಿಲಿರುವವರೆಗೆ ಫಲಕದಿಂದ ಇನ್ವರ್ಟರ್‌ವರೆಗಿನ ತಂತಿಯಲ್ಲಿ ವಿದ್ಯುತ್ ಇದ್ದೇ ಇರುತ್ತದೆ. ಸುಮಾರು 40 ವೋಲ್ಟಿನ ಹತ್ತು ಫಲಕಗಳನ್ನು ಸರಣಿಯಲ್ಲಿ ಜೋಡಿಸಿದರೆ 400 ವೋಲ್ಟ್; ಅದೂ ಡಿ.ಸಿ. ಪ್ರವಾಹ. ಎ.ಸಿ. ಪ್ರವಾಹವು ಸೆಕೆಂಡಿಗೆ 100 ಬಾರಿ ಸೊನ್ನೆಗೆ ಇಳಿಯುವುದರಿಂದ ಸ್ವಿಚ್ಚಿನೊಳಗಿನ ಕಿಡಿ ಬೇಗ ಆರುತ್ತದೆ. ಡಿ.ಸಿ. ಕಿಡಿಗೆ ಅಂತಹ ಬಿಡುವಿಲ್ಲ. ಮನೆಯ ಸಾಮಾನ್ಯ ಎಂ.ಸಿ.ಬಿ.ಯನ್ನು ಅಲ್ಲಿ ಹಾಕಿದರೆ ಅದೇ ಕರಗಿ ಬೆಂಕಿ ಹೊತ್ತಬಹುದು. ಫಲಕದ ಬದಿಗೆ ‘ಡಿ.ಸಿ.’ ಎಂದು ನಮೂದಿಸಿದ, ಆ ವೋಲ್ಟೇಜಿಗೆ ತಕ್ಕ ಐಸೊಲೇಟರ್ ಇದೆಯೇ ಎಂಬುದನ್ನು ಬಿಲ್ಲು ಪಾವತಿಸುವ ಮುನ್ನವೇ ನೋಡತಕ್ಕದ್ದು.