ಟ್ಯಾಲಿ ಪ್ರೋಗ್ರಾಮಿಂಗ್ ಕಲಿಕೆ: ಅಧ್ಯಯನ ಸಾಮಗ್ರಿಯ ಆಯ್ಕೆ

ಕಂಪ್ಲಿಯ ಒಂದು ಅಕ್ಕಿ ಗಿರಣಿಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಭತ್ತದ ಲಾರಿ ಬಂದಾಗ ತೂಕದ ಚೀಟಿಯ ಸಂಖ್ಯೆ, ಖಾಲಿ ಚೀಲದ ತೂಕ, ತೇವಾಂಶಕ್ಕೆ ಕಳೆಯುವ ಪ್ರಮಾಣ, ಹಮಾಲಿ ಇವೆಲ್ಲವೂ ಖರೀದಿ ವೋಚರಿನಲ್ಲಿಯೇ ಕಾಣಬೇಕೆಂದು ಮಾಲೀಕರು ಬಯಸುತ್ತಾರೆ. ಹೊರಗಿನ ಪ್ರೋಗ್ರಾಮರ್ ಒಬ್ಬರು ಬಂದು ಟ್ಯಾಲಿಯಲ್ಲಿ ಈ ಅಂಕಣಗಳನ್ನು ಸೇರಿಸಿ ಹೋಗುತ್ತಾರೆ. ಎರಡು ವರ್ಷಗಳ ನಂತರ ನಮೂನೆ ಬದಲಿಸಬೇಕಾದಾಗ ಅವರು ಊರಿನಲ್ಲಿರುವುದಿಲ್ಲ. ಗಿರಣಿಯಲ್ಲಿ ಉಳಿದಿರುವುದು ತೆರೆದು ಓದಲಾಗದ ಒಂದು ಟಿಸಿಪಿ ಕಡತ ಮಾತ್ರ. ಆಗ ಮಗನಿಗೋ, ಲೆಕ್ಕ ಬರೆಯುವ ನಂಬಿಕೆಯ ಹುಡುಗನಿಗೋ ಈ ವಿದ್ಯೆಯನ್ನು ಕಲಿಸಬಾರದೇಕೆ ಎಂಬ ಯೋಚನೆ ಹುಟ್ಟುವುದು ಸಹಜ. ಖಂಡಿತ ಕಲಿಸಬಹುದು. ಆದರೆ ಯಾವ ಪಾಠ, ಯಾವ ತರಬೇತಿ ಎಂಬ ಆಯ್ಕೆಯಲ್ಲಿ ತಪ್ಪಿದರೆ ಹಣವೂ ಕಾಲವೂ ವ್ಯರ್ಥವಾಗುತ್ತವೆ.

ಟ್ಯಾಲಿಯ ಮೂಲವೇ ಇಂತಹ ಅಗತ್ಯ. ತಂದೆ ಶ್ಯಾಮಸುಂದರ ಗೋಯೆಂಕಾ ಅವರ ವ್ಯಾಪಾರದ ಲೆಕ್ಕಕ್ಕೆ ತಕ್ಕ ತಂತ್ರಾಂಶ ದೊರೆಯದಿದ್ದಾಗ ಮಗ ಭರತ್ ಗೋಯೆಂಕಾ ತಾವೇ ಒಂದನ್ನು ರಚಿಸಿದರು. 1986ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಪ್ಯೂಟ್ರಾನಿಕ್ಸ್ ಇಂದು ಟ್ಯಾಲಿ ಸೊಲ್ಯೂಷನ್ಸ್ ಆಗಿದೆ. ಈ ತಂತ್ರಾಂಶವನ್ನು ಮಾರ್ಪಡಿಸಲು ಬಳಸುವ ಭಾಷೆಯೇ ಟಿಡಿಎಲ್, ಅಂದರೆ ಟ್ಯಾಲಿ ಡೆಫಿನಿಷನ್ ಲ್ಯಾಂಗ್ವೇಜ್.

ಮೊದಲು ಗಮನಿಸಬೇಕಾದ ಅಂಶವೆಂದರೆ, 'ಟ್ಯಾಲಿ ಕೋರ್ಸ್' ಬೇರೆ, ಟಿಡಿಎಲ್ ಬೇರೆ. ಪೇಟೆಯ ಫಲಕಗಳಲ್ಲಿ ಕಾಣುವ ಕೋರ್ಸುಗಳಲ್ಲಿ ಹೆಚ್ಚಿನವು ವೋಚರ್ ನಮೂದು, ಜಿಎಸ್‌ಟಿ ವಿವರಣೆ ಮತ್ತು ವೇತನಪಟ್ಟಿಗೆ ಸೀಮಿತ. ಪಾಠಪಟ್ಟಿಯಲ್ಲಿ ರಿಪೋರ್ಟ್, ಫಾರ್ಮ್, ಪಾರ್ಟ್, ಲೈನ್, ಫೀಲ್ಡ್ ಮತ್ತು ಕಲೆಕ್ಷನ್ ಎಂಬ ಶಬ್ದಗಳಿಲ್ಲದಿದ್ದರೆ ಅದು ಪ್ರೋಗ್ರಾಮಿಂಗ್ ತರಬೇತಿಯಲ್ಲವೆಂದು ಧಾರಾಳವಾಗಿ ತೀರ್ಮಾನಿಸಬಹುದು.

ಎರಡನೆಯದು ಸಾಮಗ್ರಿಯ ಕಾಲ. ಟ್ಯಾಲಿ ಇಆರ್‌ಪಿ 9 ಬಂದದ್ದು 2009ರಲ್ಲಿ, ಟ್ಯಾಲಿಪ್ರೈಮ್ 2020ರಲ್ಲಿ. ಭಾಷೆಯ ಅಡಿಪಾಯ ಉಳಿದುಕೊಂಡಿರುವುದರಿಂದ ಹಳೆಯ ಪುಸ್ತಕ ಪೂರ್ತಿ ನಿರುಪಯುಕ್ತವೇನಲ್ಲ. ಆದರೆ ವ್ಯಾಟ್ ಕಾಲದ ಮಾದರಿಗಳನ್ನು ನೆಚ್ಚಿಕೊಂಡವರು 2017ರ ಜುಲೈ 1ರಿಂದ ಬಂದ ಜಿಎಸ್‌ಟಿ ಬಿಲ್ಲಿನ ರಚನೆಯನ್ನು ಅದರಿಂದ ಕಲಿಯಲಾರರು. ಇ-ಸುಗಮದ ಸಂಖ್ಯೆ ಮುದ್ರಿಸುವ ಪಾಠ ಇಂದು ಯಾರಿಗೆ ಬೇಕು?

ಮೂರನೆಯ ಪರೀಕ್ಷೆಯೇ ಮುಖ್ಯವಾದುದು. ಬಹುತೇಕರು ಕೇಳದಿರುವುದೂ ಇದನ್ನೇ. ಮೇಲಿನ ಗಿರಣಿಯ ತೂಕದ ಚೀಟಿಯಂತಹ ಹೊಸ ಅಂಕಣವನ್ನು ಟಿಡಿಎಲ್‌ನಲ್ಲಿ ಯುಡಿಎಫ್ ಎನ್ನುತ್ತಾರೆ. ಪ್ರತಿಯೊಂದು ಯುಡಿಎಫ್‌ಗೂ ಒಂದು ಕ್ರಮಸಂಖ್ಯೆ ಇರುತ್ತದೆ, ಮತ್ತು ಮಾಹಿತಿಯು ಆ ಸಂಖ್ಯೆಯ ಆಧಾರದ ಮೇಲೆಯೇ ಸಂಸ್ಥೆಯ ದತ್ತಾಂಶದೊಳಗೆ ಉಳಿಯುತ್ತದೆ. ಇಬ್ಬರು ಪ್ರೋಗ್ರಾಮರುಗಳು ಒಂದೇ ಬಗೆಯ ಎರಡು ಅಂಕಣಗಳಿಗೆ ಒಂದೇ ಸಂಖ್ಯೆಯನ್ನು ಬಳಸಿದರೆ, ಲಾರಿ ಸಂಖ್ಯೆ ಇರಬೇಕಾದಲ್ಲಿ ಚೀಟಿ ಸಂಖ್ಯೆ ಕಾಣಿಸಿಕೊಳ್ಳಬಹುದು. ಟಿಡಿಎಲ್ ತೆಗೆದುಹಾಕಿದರೆ ಮಾಹಿತಿ ಕಣ್ಣಿಗೆ ಕಾಣದೆ ಹೋಗುತ್ತದೆ. ಪುಸ್ತಕವಾಗಲಿ, ವೀಡಿಯೊ ಆಗಲಿ, ಬೋಧಕರಾಗಲಿ, ಯುಡಿಎಫ್ ಸಂಖ್ಯೆಗಳ ದಾಖಲೆಯಿಡುವ ಬಗ್ಗೆ ಏನು ಹೇಳುತ್ತಾರೆಂದು ಮೊದಲು ವಿಚಾರಿಸಬೇಕು. ಉತ್ತರವಿಲ್ಲದವರು ಬಿಲ್ಲಿಗೆ ಲಾಂಛನ ಅಂಟಿಸುವುದನ್ನಷ್ಟೇ ಕಲಿಸಿಯಾರು.

ಹಾಗಾದರೆ ಎಲ್ಲಿಂದ ಆರಂಭಿಸಬೇಕು? ಟ್ಯಾಲಿ ಸಂಸ್ಥೆಯೇ ಅಂತರಜಾಲದಲ್ಲಿ ಒದಗಿಸಿರುವ ಡೆವಲಪರ್ ಕೈಪಿಡಿ ಮತ್ತು ಮಾದರಿ ಕಡತಗಳೇ ಮೂಲ ಆಧಾರ. ಅದರ ಇಂಗ್ಲಿಷ್ ಒಣಕಲು, ನಿಜ; ಆದರೂ ಅದನ್ನು ಬಿಟ್ಟು ಕೇವಲ ವೀಡಿಯೊ ನೋಡಿ ಕಲಿತವರು ತೋರಿಸಿದ್ದನ್ನು ಮಾತ್ರ ಮಾಡಬಲ್ಲರು. ಪ್ರೋಗ್ರಾಮಿಂಗಿನ ಗಂಧವೇ ಇಲ್ಲದ ಹುಡುಗನಾದರೆ, ಮುಂಬಯಿ ಐಐಟಿಯ ಸ್ಪೋಕನ್ ಟ್ಯುಟೋರಿಯಲ್ ಪಾಠಗಳು ಪೂರ್ವತಯಾರಿಗೆ ಯೋಗ್ಯ; ಅನೇಕ ಪಾಠಗಳಿಗೆ ಕನ್ನಡ ಧ್ವನಿಯೂ ಇದೆ. ಅಭ್ಯಾಸವನ್ನು ಮಾತ್ರ ವ್ಯಾಪಾರದ ನಿಜವಾದ ದತ್ತಾಂಶದ ಮೇಲೆ ಮಾಡಲೇಬಾರದು. ಪ್ರತಿಯ ಮೇಲೆ, ಇಲ್ಲವೇ ಟ್ಯಾಲಿಯ ಎಜುಕೇಷನಲ್ ಮೋಡ್‌ನಲ್ಲಿ ಮಾಡಬೇಕು. ಅಲ್ಲಿ ಕೆಲವೇ ದಿನಾಂಕಗಳಿಗೆ ನಮೂದಿಸಲು ಅವಕಾಶವಿದ್ದರೂ ಕಲಿಕೆಗೆ ಅಷ್ಟು ಸಾಕು.

ಖಾಸಗಿ ಲಿಮಿಟೆಡ್ ಕಂಪನಿಗಳು ಇನ್ನೊಂದು ವಿಷಯವನ್ನು ನೆನಪಿಡಬೇಕು. 2023ರ ಏಪ್ರಿಲ್ 1ರಿಂದ ಕಂಪನಿಗಳು ಬಳಸುವ ಲೆಕ್ಕಪತ್ರ ತಂತ್ರಾಂಶವು ಪ್ರತಿಯೊಂದು ವ್ಯವಹಾರದ ತಿದ್ದುಪಡಿಯನ್ನೂ ದಿನಾಂಕಸಹಿತ ದಾಖಲಿಸಬೇಕು, ಆ ಸೌಲಭ್ಯವನ್ನು ನಿಲ್ಲಿಸಲು ಸಾಧ್ಯವಿರಬಾರದು. ಲೆಕ್ಕಪರಿಶೋಧಕರು ತಮ್ಮ ವರದಿಯಲ್ಲಿ ಇದರ ಬಗ್ಗೆ ಹೇಳಲೇಬೇಕು. ಹಳೆಯ ವೋಚರುಗಳನ್ನು ಸದ್ದಿಲ್ಲದೆ ಬದಲಿಸುವ 'ಉಪಾಯ'ಗಳನ್ನು ಕಲಿಸುವ ಪಾಠಗಳಿಂದ ದೂರವಿರುವುದೇ ಕ್ಷೇಮ.

ಸಂಡೂರಿನ ಗಣಿ ಸಾಗಣೆಯಂತಹ ಕ್ಷೇತ್ರಗಳಲ್ಲಿ ವ್ಯವಹಾರ ಬೆಳೆದು ಟ್ಯಾಲಿ ಸಾಲದಾದಾಗ ಮಾತ್ರ ಬೇರೆ ದಾರಿ ನೋಡಬೇಕು. ಜರ್ಮನಿಯ ಸ್ಯಾಪ್ ತಂತ್ರಾಂಶದ ಅಬಾಪ್ ಭಾಷೆ ನೌಕರಿ ಹುಡುಕುವವರಿಗೆ ಉಪಯುಕ್ತ. ಸಣ್ಣ ಉದ್ಯಮಿಗೆ ಅದು ಆನೆ ಸಾಕಿದಂತೆ. ಮುಂಬಯಿಯ ಫ್ರಾಪೆ ಸಂಸ್ಥೆಯ ಇಆರ್‌ಪಿನೆಕ್ಸ್ಟ್ ಮುಕ್ತ ತಂತ್ರಾಂಶವಾದುದರಿಂದ ಅದರ ಮೂಲ ಸಂಕೇತವನ್ನು ಯಾರೂ ಓದಬಹುದು, ಆದರೆ ಪೈಥಾನ್ ಬಲ್ಲವರೇ ಬೇಕಾಗುತ್ತಾರೆ.

ಮನೆಯ ಹುಡುಗ ಪಳಗುವವರೆಗೆ ಹೊರಗಿನವರ ನೆರವು ತಪ್ಪದು. ಅಲ್ಲಿಯವರೆಗೆ ಕೆಲಸ ಒಪ್ಪಿಸುವಾಗಲೇ ಟಿಸಿಪಿ ಕಡತದ ಜೊತೆ ಮೂಲ ಟಿಡಿಎಲ್ ಕಡತ ಹಾಗೂ ಯುಡಿಎಫ್ ಸಂಖ್ಯೆಗಳ ಪಟ್ಟಿಯನ್ನೂ ಕೊಡಬೇಕೆಂದು ಬರವಣಿಗೆಯಲ್ಲಿ ಒಪ್ಪಿಗೆ ಪಡೆದು, ಅವು ಕೈಸೇರಿದ ಮೇಲೆಯೇ ಕೊನೆಯ ಕಂತನ್ನು ಪಾವತಿಸತಕ್ಕದ್ದು.