ಹೈಡ್ರೋಜನ್ ಹಿಡಿದಿಡುವ ಲೋಹಗಳು



ಸಂಕೇಶ್ವರ, ಘಟಪ್ರಭಾ ಕಡೆಯ ಸಕ್ಕರೆ ಕಾರ್ಖಾನೆಗಳಲ್ಲಿ ಬಗಾಸ್ ರಾಶಿಯನ್ನು ನೀವೆಲ್ಲ ನೋಡಿದ್ದೀರಿ. ಅದನ್ನು ಬಾಯ್ಲರ್‌ನಲ್ಲಿ ಉರಿಸಿ ಹಬೆ ಮತ್ತು ವಿದ್ಯುತ್ ಪಡೆಯುತ್ತಾರೆ. ಇಂಥ ಸಸ್ಯಜನ್ಯ ವಸ್ತುಗಳಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಎಸ್. ದಾಸಪ್ಪ ಅವರ ತಂಡ ಇನ್ನೊಂದು ದಾರಿ ತೋರಿಸಿದೆ. ಆಮ್ಲಜನಕ ಮತ್ತು ಹಬೆ ಹಾಯಿಸಿ 1 ಕೆಜಿ ಜೀವರಾಶಿಯಿಂದ 100 ಗ್ರಾಂ ಹೈಡ್ರೋಜನ್ ಪಡೆಯುವುದು ಆ ವಿಧಾನ. ಜೀವರಾಶಿಯಲ್ಲೇ ಇರುವುದು ಸುಮಾರು 60 ಗ್ರಾಂ. ಉಳಿದದ್ದು ಹಬೆಯಿಂದ ಬರುತ್ತದೆ.

ಸರಿ, ಹೈಡ್ರೋಜನ್ ಸಿಕ್ಕಿತು. ಇಡುವುದೆಲ್ಲಿ? 1 ಕೆಜಿ ಎಂದರೆ 500 ಮೋಲ್, ಕೋಣೆಯ ಉಷ್ಣತೆಯಲ್ಲಿ ಸುಮಾರು 12,000 ಲೀಟರ್. ಮಾಳಿಗೆ ಮೇಲಿನ 1000 ಲೀಟರ್ ಟ್ಯಾಂಕ್ ಹನ್ನೆರಡು ಬೇಕು! ಕಾರಿನ ಸಿಲಿಂಡರಿನಲ್ಲಿ 700 ಬಾರ್ ಒತ್ತಡಕ್ಕೆ ಒತ್ತುತ್ತಾರೆ. ದ್ರವ ಮಾಡಲು ಮೈನಸ್ 253 ಡಿಗ್ರಿಗೆ ತಣಿಸಬೇಕು.

ಮೂರನೆಯ ದಾರಿ ಘನವಸ್ತು. ಲ್ಯಾಂಥನಮ್ ಮತ್ತು ನಿಕ್ಕಲ್ 1:5 ಪ್ರಮಾಣದ ಮಿಶ್ರಲೋಹದ ಮೇಲೆ ಹೈಡ್ರೋಜನ್ ಅಣು ಒಡೆದು, ಪರಮಾಣುಗಳು ಲೋಹದ ಸಂದುಗಳಲ್ಲಿ ಕೂರುತ್ತವೆ. ಕೋಣೆಯ ಉಷ್ಣತೆ, ಕೆಲವೇ ಬಾರ್ ಒತ್ತಡ ಸಾಕು. ಆದರೆ 432 ಗ್ರಾಂ ಮಿಶ್ರಲೋಹ ಹಿಡಿಯುವುದು 6 ಗ್ರಾಂ ಮಾತ್ರ. ಅಂದರೆ 1 ಕೆಜಿಗೆ 72 ಕೆಜಿ ಲೋಹ. ಭಾರವಾದರೂ ಕೆಲಸ ನಡೆಯುತ್ತದೆ: ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಪ್ರೊ. ಓ. ಎನ್. ಶ್ರೀವಾಸ್ತವ ಅವರ ತಂಡ ಲೋಹದ ಹೈಡ್ರೈಡ್ ಬಳಸಿ ಮೋಟಾರ್‌ಸೈಕಲ್ ಓಡಿಸಿತ್ತು.

ಮೆಗ್ನೀಸಿಯಮ್ ಹಗುರ; 12 ಕೆಜಿ ಸಾಕು. ಹಾಗಾದರೆ ಅದನ್ನೇ ಏಕೆ ಬಳಸಬಾರದು? ಅದು ಬಿಗಿಯಾಗಿ ಹಿಡಿಯುತ್ತದೆ, ಸುಲಭವಾಗಿ ಬಿಡುವುದಿಲ್ಲ. ಬಿಡಿಸಲು ಸುಮಾರು 300 ಡಿಗ್ರಿ ಬೇಕು, ಪ್ರತಿ ಮೋಲ್‌ಗೆ ಸುಮಾರು 75 ಕಿಲೋಜೂಲ್ ಉಷ್ಣ. 500 ಮೋಲ್‌ಗೆ 37,500 ಕಿಲೋಜೂಲ್. 1 ಕೆಜಿ ಹೈಡ್ರೋಜನ್ ಉರಿದಾಗ ಸಿಗುವುದೇ ಸುಮಾರು 1,20,000. ಮೂರರಲ್ಲಿ ಒಂದು ಪಾಲು ಬಿಡಿಸುವುದಕ್ಕೇ ಹೋಯಿತು. ಲ್ಯಾಂಥನಮ್–ನಿಕ್ಕಲ್‌ಗೆ ಬೇಕಾದದ್ದು ಮೋಲ್‌ಗೆ ಸುಮಾರು 30 ಮಾತ್ರ. ಫ್ಯೂಯಲ್ ಸೆಲ್ ಬಿಸಿಯಾಗಿ ಹೊರಹಾಕುವ ಉಷ್ಣವೇ ಅದಕ್ಕೆ ಸಾಲುತ್ತದೆ.

ತುಂಬುವಾಗ ಅಷ್ಟೇ ಉಷ್ಣ ಹೊರಬರುತ್ತದೆ ಎಂಬುದನ್ನು ಬಹಳ ಮಂದಿ ಮರೆಯುತ್ತಾರೆ. ಐದು ನಿಮಿಷದಲ್ಲಿ 1 ಕೆಜಿ ತುಂಬಿದರೆ 15,000 ಕಿಲೋಜೂಲ್, ಅಂದರೆ 50 ಕಿಲೋವ್ಯಾಟ್. ಆ ಬಿಸಿಯನ್ನು ತೆಗೆಯದಿದ್ದರೆ ಲೆ ಶಾಟೆಲಿಯರ್ ತತ್ವದಂತೆ ಸಮತೋಲನ ಹಿಂದಕ್ಕೆ ಸರಿದು ತುಂಬುವುದೇ ನಿಲ್ಲುತ್ತದೆ. ಇದರಿಂದ ಒಂದು ಲಾಭವೂ ಇದೆ: ಕೊಳವೆ ಒಡೆದರೆ ಹೈಡ್ರೋಜನ್ ಹೊರಬರುತ್ತಾ ಲೋಹ ತಾನೇ ತಣ್ಣಗಾಗಿ ಸೋರಿಕೆ ನಿಧಾನವಾಗುತ್ತದೆ.

ಒಂದು ಲೆಕ್ಕ ನಿಮಗೆ. 38 ಗ್ರಾಂ ಸೋಡಿಯಂ ಬೋರೋಹೈಡ್ರೈಡ್ 36 ಗ್ರಾಂ ನೀರಿನೊಡನೆ ವರ್ತಿಸಿ 8 ಗ್ರಾಂ ಹೈಡ್ರೋಜನ್ ಕೊಡುತ್ತದೆ, ಹೊರಗಿನ ಉಷ್ಣ ಬೇಡ. ಆದರೆ ಉಳಿಯುವ ಸೋಡಿಯಂ ಮೆಟಾಬೋರೇಟ್ ಸುಲಭವಾಗಿ ಮೊದಲಿನಂತಾಗದು. ನೀರನ್ನು ಸೇರಿಸಿ ಮತ್ತು ಬಿಟ್ಟು, ಹೈಡ್ರೋಜನ್ ಶೇಕಡಾ ಎಷ್ಟು? ಬರೆದು ರಸಾಯನಶಾಸ್ತ್ರ ವಿಭಾಗಕ್ಕೆ ತನ್ನಿ.