ಓರಿಕ್ಸ್‌ಗೆ ಕ್ಷಯ ಇದೆಯಾ? ಪತ್ತೆ ಮಾಡೋದು ಯಾಕಿಷ್ಟು ಕಷ್ಟ?

ದೋಹಾ ಮೂಲಕ ಹೋಗಿಬಂದವರಿಗೆ ಕತಾರ್ ಏರ್‌ವೇಸ್ ವಿಮಾನದ ಬಾಲದ ಮೇಲಿರೋ ಉದ್ದ ಕೊಂಬಿನ ಪ್ರಾಣಿ ನೆನಪಿರುತ್ತೆ. ಅದೇ ಅರೇಬಿಯನ್ ಓರಿಕ್ಸ್, ಕತಾರ್‌ನ ರಾಷ್ಟ್ರಪ್ರಾಣಿ. ಕಾಡಿನಲ್ಲಿ ಉಳಿದಿದ್ದ ಕೊನೆಯ ಓರಿಕ್ಸ್‌ಗಳು 1972ರಲ್ಲಿ ಒಮಾನ್‌ನಲ್ಲಿ ಬೇಟೆಗೆ ಬಲಿಯಾದವು. ಇವತ್ತು ಇರೋದೆಲ್ಲ ಸಾಕಿ ಉಳಿಸಿಕೊಂಡ ಹಿಂಡುಗಳ ಸಂತತಿ. ಕತಾರ್‌ನಲ್ಲೂ ಶಹಾನಿಯಾದಂಥ ಕಡೆ ಬೇಲಿಯೊಳಗೇ ಸಾಕ್ತಾರೆ. ಒಂದೇ ಜಾಗದಲ್ಲಿ ಮೇವು, ನೀರು ಹಂಚಿಕೊಳ್ಳೋ ಇಂಥ ಹಿಂಡಿಗೆ ಕ್ಷಯ ಹೊಕ್ಕರೆ ಹರಡೋಕೆ ಹೆಚ್ಚು ಹೊತ್ತು ಬೇಡ.

ಹೊಕ್ಕಿದೆಯಾ ಅಂತ ತಿಳಿಯೋದು ಹೇಗೆ? ಮನುಷ್ಯರಾದರೆ ಕಫ ಕೊಡ್ತೀವಿ. ಓರಿಕ್ಸ್ ಕೊಡಲ್ಲ. ಬೇಟೆಗೆ ಗುರಿಯಾಗೋ ಪ್ರಾಣಿ ಬೇರೆ, ಕಾಯಿಲೆ ಬಲಿಯೋವರೆಗೂ ತೋರಿಸಿಕೊಳ್ಳಲ್ಲ.

ದನಗಳಿಗೆ ಮಾಡೋ ಪರೀಕ್ಷೆ ನಿಮಗೆ ಗೊತ್ತಿರಬಹುದು. ಕುತ್ತಿಗೆಯ ಚರ್ಮಕ್ಕೆ ಟ್ಯುಬರ್ಕ್ಯುಲಿನ್ ಚುಚ್ಚಿ, 72 ಗಂಟೆ ಬಿಟ್ಟು ಊತ ಅಳೀತಾರೆ. ಹಸುವನ್ನು ಎರಡು ಸಲ ಕಟ್ಟಿಹಾಕೋದು ಸುಲಭ. ಓರಿಕ್ಸ್‌ನ ಮೂರು ದಿನದಲ್ಲಿ ಎರಡು ಸಲ ಹಿಡಿಯೋದು ಅಂದ್ರೆ, ಹೆದರಿ ಓಡಿದ ಹೊಡೆತಕ್ಕೇ ಸ್ನಾಯು ಹಾಳಾಗಿ ಅದು ಸಾಯಬಹುದು. ಇನ್ನು ಎಷ್ಟು ಮಿಲಿಮೀಟರ್ ಊದಿದರೆ ಕ್ಷಯ ಅನ್ನೋ ಲೆಕ್ಕ ಹಸುವಿನದು, ಓರಿಕ್ಸ್‌ನದಲ್ಲ. ಮಣ್ಣಿನಲ್ಲಿರೋ ನಿರುಪದ್ರವಿ ಸೋದರ ಬ್ಯಾಕ್ಟೀರಿಯಾಗಳೂ ಊತ ತರಿಸ್ತವೆ. ರಕ್ತಪರೀಕ್ಷೆಗೆ ಒಂದೇ ಸಲ ಹಿಡಿದರೆ ಸಾಕು, ಆದರೆ ಕಿಟ್‌ಗಳು ಹೆಚ್ಚಾಗಿ ದನಕ್ಕೆಂದೇ ಮಾಡಿದವು. ಬ್ಯಾಕ್ಟೀರಿಯಾ ಬೆಳೆಸಿ ನೋಡೋಣ ಅಂದ್ರೆ ವಾರಗಟ್ಟಲೆ ಕಾಯಬೇಕು. (ಈ ವಿಷಯದಲ್ಲಿ ನಮ್ಮ ಶಿಬಿರದ ಆನೆಗಳೇ ವಾಸಿ: ಮಾವುತ ಪಳಗಿಸಿದರೆ ಸೊಂಡಿಲಿಗೆ ಉಪ್ಪುನೀರು ಹಾಕಿ, ಎತ್ತಿಸಿ, ಆ ನೀರನ್ನೇ ಮಾದರಿಯಾಗಿ ತಗೋಬಹುದು.)

ತಪ್ಪು ಎರಡು ಕಡೆಯಿಂದಲೂ ದುಬಾರಿ. ಇಲ್ಲದ ರೋಗ ಇದೆ ಅಂದ್ರೆ ಅಪರೂಪದ ಪ್ರಾಣಿಯನ್ನು ಸುಮ್ಮನೆ ಕೊಂದ ಹಾಗೆ. ಇರೋ ರೋಗ ಇಲ್ಲ ಅಂದ್ರೆ ಇಡೀ ಹಿಂಡೇ ಹೋಗಬಹುದು.

ಕತಾರ್‌ನ ನೆರೆಯ ಸೌದಿಯಲ್ಲಿ ಈ ಇಕ್ಕಟ್ಟು ನಿಜವಾಗೇ ಬಂತು. ದೊರೆ ಖಾಲಿದ್ ಅವರ ಹಿಂಡಿನಿಂದ 1986ರಲ್ಲಿ ತಾಯಿಫ್‌ನ ಸಂಶೋಧನಾ ಕೇಂದ್ರಕ್ಕೆ ತಂದ ಓರಿಕ್ಸ್‌ಗಳಲ್ಲಿ ಕ್ಷಯ ಕಾಣಿಸ್ತು. ದನದ ಹಿಂಡಾಗಿದ್ದರೆ ಕೊಂದುಬಿಡಿ ಅನ್ನೋದು ಹಲವು ದೇಶಗಳ ನಿಯಮ. ಇಲ್ಲಿ ಹಾಗೆ ಮಾಡಲಿಲ್ಲ. ದೊಡ್ಡವಕ್ಕೆ ಔಷಧಿ ಕೊಟ್ಟರು, ಕರುಗಳನ್ನು ಹುಟ್ಟಿದ ಕೂಡಲೇ ತಾಯಿಯಿಂದ ಬೇರೆ ಮಾಡಿ ಕೈಯಾರೆ ಹಾಲು ಕುಡಿಸಿ ಬೆಳೆಸಿದರು. ನಿಷ್ಠುರ ಅನಿಸುತ್ತೆ, ಆದರೆ ನಂಬಲರ್ಹ ಪರೀಕ್ಷೆ ಇಲ್ಲದಾಗ ಇದೇ ಜಾಣತನ ಅಂತ ನನಗನಿಸುತ್ತೆ. 1990ರಲ್ಲಿ ಮಹಜತ್ ಅಸ್-ಸೈದ್ ಅಭಯಾರಣ್ಯಕ್ಕೆ ಓರಿಕ್ಸ್‌ಗಳು ಮರಳಿದವು.

ಇನ್ನೊಂದು ಮಾತು. ಕ್ಷಯದ ಬ್ಯಾಕ್ಟೀರಿಯಾಗಳಲ್ಲಿ ಒಂದಕ್ಕೆ 2012ರಲ್ಲಿ ಓರಿಕ್ಸ್‌ನದೇ ಹೆಸರು ಬಂತು: ಮೈಕೋಬ್ಯಾಕ್ಟೀರಿಯಂ ಒರಿಜಿಸ್. ತಮಾಷೆ ಏನಂದ್ರೆ, ಅದು ಭಾರತವೂ ಸೇರಿದಂತೆ ದಕ್ಷಿಣ ಏಷ್ಯಾದ ದನಗಳಲ್ಲೂ ಜನರಲ್ಲೂ ಸಿಕ್ಕಿದೆ. ಚರ್ಮದ ಊತ ನೋಡಿ ಯಾವ ಬ್ಯಾಕ್ಟೀರಿಯಾ, ಯಾರಿಂದ ಯಾರಿಗೆ ಬಂತು ಅಂತ ಹೇಳೋಕಾಗಲ್ಲ. ಅದಕ್ಕೆ ಡಿಎನ್‌ಎ ಓದಲೇಬೇಕು.